ಮನೆ ಮೇಲೆ ಮಾಸ್ಟರ್ ಪ್ಲಾನ್ ರಸ್ತೆಯ ಗೆರೆ: ಮಾರೋಕೂ ಆಗದೆ, ಕಟ್ಟೋಕೂ ಆಗದೆ ಸಿಕ್ಕಿಕೊಂಡವರಿಗೆ ಇರುವ ದಾರಿಗಳು

ಮೂವತ್ತು_ನಲವತ್ತು:
ಒಂದು ಉದಾಹರಣೆ ಮುಂದಿಟ್ಟು ಕೇಳ್ತಿದ್ದೀನಿ, ಉತ್ತರ ಎಲ್ಲರಿಗೂ ಉಪಯೋಗಕ್ಕೆ ಬರಲಿ. ಬೆಂಗಳೂರಿನ ಹಳೇ ಬಡಾವಣೆ, 30×40 ನಿವೇಶನ, 30 ಅಡಿಯ ಬದಿ ರಸ್ತೆಗೆ. ಈಗಿನ ರಸ್ತೆ 9 ಮೀಟರ್. 2007ರಲ್ಲಿ ಅನುಮೋದನೆಯಾದ ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರಲ್ಲಿ ಅದೇ ರಸ್ತೆ 18 ಮೀಟರ್ ಅಂತಿದೆ. ಭೂಸ್ವಾಧೀನದ ನೋಟಿಸ್ ಬಂದಿಲ್ಲ, ಪರಿಹಾರದ ಮಾತೂ ಇಲ್ಲ. ಆದರೆ ಕೊಳ್ಳಲು ಬಂದವರಿಗೆ ಬ್ಯಾಂಕು ಸಾಲ ಕೊಡಲ್ಲ. ಮೇಲೊಂದು ಮಹಡಿಗೆ ನಕ್ಷೆ ಮಂಜೂರಾತಿ ಕೇಳಿದರೆ ರಸ್ತೆ ಕಡೆಯ ಜಾಗದ ಪಟ್ಟಿಯನ್ನು ಪಾಲಿಕೆಗೆ ಬರೆದುಕೊಡಿ ಅಂತಾರೆ. ಈ ಗೆರೆ ಎಷ್ಟು ವರ್ಷ ಹೀಗೇ ಇರಬಹುದು? ಅಷ್ಟರೊಳಗೆ ಮನೆ ಮಾಲೀಕರು ಯಾವ ಕಚೇರಿಯಲ್ಲಿ, ಯಾವ ಕಾಗದ, ಯಾವ ಕ್ರಮದಲ್ಲಿ ಕೇಳಬೇಕು? ಬಿಟ್ಟುಕೊಡುವ ಜಾಗಕ್ಕೆ ಹಣದ ಬದಲು ಹೆಚ್ಚುವರಿ ಕಟ್ಟಡದ ಹಕ್ಕು ಕೊಡುವ ಟಿ.ಡಿ.ಆರ್. ಒಳ್ಳೆಯದಾ, ಹಣವಾ?

ನಕ್ಷೆ_ಮತ್ತು_ಸರಪಳಿ:
ಕಾನೂನಿಗೆ ಹೋಗುವ ಮೊದಲು ಗೆರೆ ನೆಲದ ಮೇಲೆ ನಿಜವಾಗಿ ಎಲ್ಲಿ ಬೀಳುತ್ತದೆ ಅಂತ ಗೊತ್ತಾಗಬೇಕು. ಮಧ್ಯವರ್ತಿಗಳು ಮೊಬೈಲಿನಲ್ಲಿ ಹಿಗ್ಗಿಸಿ ತೋರಿಸುವ ಬಣ್ಣದ ಪಿ.ಡಿ.ಎಫ್. ಪುರಾವೆ ಅಲ್ಲ. 1:10,000 ಪ್ರಮಾಣದ ನಕ್ಷೆಯಲ್ಲಿ 1 ಮಿ.ಮೀ. ದಪ್ಪದ ಗೆರೆ ಅಂದರೆ ನೆಲದ ಮೇಲೆ 10 ಮೀಟರ್. ನಿಮ್ಮ ನಿವೇಶನದ ಆಳವೇ 12.19 ಮೀಟರ್. ಹಿಗ್ಗಿಸಿದ ಚಿತ್ರದಲ್ಲಿ ಇಡೀ ಮನೆ ಹೋಯಿತು ಅನಿಸುತ್ತದೆ, ಅಳೆದು ನೋಡಿದರೆ ಕಾಂಪೌಂಡು ಮಾತ್ರ ಹೋಗುತ್ತಿರಬಹುದು. ಇದಕ್ಕೆ ತದ್ವಿರುದ್ಧವೂ ಆಗುತ್ತದೆ.

ಬಡಾವಣೆ ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿ ಆಗಿದೆ ಅಂತ ಮೊದಲು ಹುಡುಕಿ. ಸರ್ವೆ ನಂಬರ್ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್ ಅಂದಾಜಿಗೆ ಸಾಕು, ದಾಖಲೆಗೆ ಸಾಲದು. ಮೂಲ ಸರ್ವೆ ನಂಬರಿನ ಗ್ರಾಮ ನಕ್ಷೆ ಮತ್ತು ಟಿಪ್ಪಣಿ (ಮೂಲ ಅಳತೆಯ ದಾಖಲೆ) ಭೂಮಾಪನ ಇಲಾಖೆಯಿಂದ ತೆಗೆಸಿ. ಮಾಸ್ಟರ್ ಪ್ಲಾನ್ 2015 ನಗರವನ್ನು 47 ಯೋಜನಾ ಜಿಲ್ಲೆಗಳಾಗಿ ಹಂಚಿದೆ. ನಿಮ್ಮ ಜಿಲ್ಲೆಯ ಉದ್ದೇಶಿತ ಭೂಬಳಕೆ ನಕ್ಷೆಯ ದೃಢೀಕೃತ ಪ್ರತಿಯನ್ನು, ಸರ್ವೆ ನಂಬರ್ ನಮೂದಿಸಿ, ಯೋಜನಾ ಪ್ರಾಧಿಕಾರದಿಂದಲೇ ಕೇಳಿ ಪಡೆಯಿರಿ. ಆಮೇಲೆ ಪರವಾನಗಿ ಇರುವ ಸರ್ವೇಯರ್ ಹತ್ತಿರ ಟೋಟಲ್ ಸ್ಟೇಷನ್ ಅನ್ನುವ ಸರ್ವೆ ಯಂತ್ರದಲ್ಲಿ ಅಳತೆ ಮಾಡಿಸಿ. ಗಡಿಕಲ್ಲು, ರಸ್ತೆ ಕೂಡುವ ಮೂಲೆಗಳು ಹೀಗೆ ಅಲುಗಾಡದ ನಾಲ್ಕು ಬಿಂದುಗಳನ್ನಾದರೂ ಹಿಡಿದು ಎರಡೂ ನಕ್ಷೆ ಹೊಂದಿಸಬೇಕು. ಎರಡೇ ಬಿಂದು ಹಿಡಿದರೆ ನಕ್ಷೆ ತಿರುಚಿಕೊಂಡು ಕೂರುತ್ತದೆ, ಗೆರೆ ಮೀಟರುಗಟ್ಟಲೆ ಸರಿಯುತ್ತದೆ. ಕೊನೆಗೆ ಕೈಗೆ ಬರುವ ಸ್ಕೆಚ್‌ನಲ್ಲಿ ಈಗಿನ ರಸ್ತೆ ಅಂಚು, ಮಧ್ಯರೇಖೆ, ಉದ್ದೇಶಿತ ಅಂಚು ಮೂರೂ ಬೇರೆ ಬೇರೆ ಕಾಣಬೇಕು.

ನಿಮ್ಮ ಲೆಕ್ಕ ಹೀಗೆ. ನಿವೇಶನ 9.14 × 12.19, ಒಟ್ಟು 111.4 ಚದರ ಮೀಟರ್. 9 ಮೀಟರ್ ರಸ್ತೆ 18 ಆಗಲು ಮಧ್ಯರೇಖೆಯಿಂದ ಸಮ ಹಂಚಿದರೆ ಪ್ರತಿ ಬದಿಗೆ 4.5 ಮೀಟರ್. ಹೋಗುವುದು 41.1 ಚದರ ಮೀಟರ್, ಉಳಿಯುವುದು 70.3, ಅಂದರೆ ಸುಮಾರು 756 ಚದರ ಅಡಿ. ಹೊಸ ಮನೆ ಕಟ್ಟುವುದಾದರೆ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಲೆಕ್ಕ ಶುರುವಾಗುವುದೂ ಹೊಸ ಅಂಚಿನಿಂದ. ಈ "ಸಮ ಹಂಚಿದರೆ" ಅನ್ನುವ ಮಾತನ್ನು ಎಲ್ಲರೂ ಸುಮ್ಮನೆ ಒಪ್ಪಿಕೊಂಡುಬಿಡುತ್ತಾರೆ. ಎದುರು ಬದಿ ಕೆರೆ ಏರಿ, ರೈಲ್ವೆ ಜಾಗ, ಸರ್ಕಾರಿ ಕಟ್ಟಡ ಇದ್ದರೆ ಅಗಲೀಕರಣ ಪೂರ್ತಿ ನಿಮ್ಮ ಕಡೆಗೇ ತಿರುಗಬಹುದು.

ಸಬ್‌ರಿಜಿಸ್ಟ್ರಾರ್_ಕಾಲಂ:
ಮೇಲಿನದಕ್ಕೆ ಸೇರಿಸಿ: ಋಣಭಾರ ಪತ್ರದಲ್ಲಿ (ಇ.ಸಿ.) ಮಾಸ್ಟರ್ ಪ್ಲಾನ್ ಗೆರೆ ಬರಲ್ಲ. ಅದರಲ್ಲಿ ಬರೋದು ನೋಂದಣಿಯಾದ ವ್ಯವಹಾರ ಮಾತ್ರ. ಖಾತೆಯಲ್ಲೂ ಬರಲ್ಲ. ಪಹಣಿ ಇರುವ ಜಮೀನಾದರೆ ಸ್ವಾಧೀನದ ಅಧಿಸೂಚನೆ ಅಲ್ಲಿ ನಮೂದಾಗಿರಬಹುದು, ಆದರೆ ನಮೂದಿಲ್ಲ ಅಂದ ಮಾತ್ರಕ್ಕೆ ಅಧಿಸೂಚನೆ ಇಲ್ಲ ಅಂತ ಅಲ್ಲ. "ಇ.ಸಿ. ಕ್ಲೀನ್ ಇದೆ" ಅಂತ ಹೇಳಿ ಮಾರುವವರು ಅರ್ಧ ಸತ್ಯ ಹೇಳ್ತಿದ್ದಾರೆ.

ಕಡತ_ಓದುವವರು:
ಮನೆ ಮಾಲೀಕರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ವಿಷಯ ಯಾವ ಹಂತದಲ್ಲಿದೆ ಅನ್ನೋದು. ನಕ್ಷೆಯಲ್ಲಿ ಗೆರೆ ಇರುವುದು ಒಂದು ಹಂತ. ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿರುವುದು ಇನ್ನೊಂದು, ಅದಕ್ಕೆ ತನ್ನಷ್ಟಕ್ಕೆ ಯಾವ ಕಾನೂನು ಬಲವೂ ಇಲ್ಲ. ಪ್ರಾಥಮಿಕ ಅಧಿಸೂಚನೆ, ಅಂತಿಮ ಅಧಿಸೂಚನೆ, ಐತೀರ್ಪು (ಪರಿಹಾರದ ಮೊತ್ತ ನಿಗದಿ ಮಾಡುವ ಆದೇಶ), ಸ್ವಾಧೀನದ ಮಹಜರು ಇವು ನಂತರದವು. ಪ್ರತಿ ಹಂತದಲ್ಲೂ ಮಾಲೀಕರ ಹಕ್ಕು ಬೇರೆ, ಗಡುವು ಬೇರೆ. ಗೆರೆ ಮಾತ್ರ ಇರುವಾಗ ಎಲ್ಲ ಮುಗಿದುಹೋಯಿತು ಅಂತ ಅಗ್ಗಕ್ಕೆ ಮಾರುವವರೂ ಇದ್ದಾರೆ. ಪ್ರಾಥಮಿಕ ಅಧಿಸೂಚನೆ ಬಂದ ಮೇಲೂ ಬರೀ ಗೆರೆ ಅಂತ ಸುಮ್ಮನಿದ್ದು ಆಕ್ಷೇಪಣೆಯ ಗಡುವು ಕಳೆದುಕೊಳ್ಳುವವರೂ ಇದ್ದಾರೆ. ಎರಡೂ ನಷ್ಟವೇ.

ಸ್ವಾಧೀನ ಮಾಡುವವರು ಯಾರು ಅನ್ನುವುದರ ಮೇಲೆ ಕಾಯ್ದೆ ಬದಲಾಗುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿ.ಡಿ.ಎ.) ಆದರೆ 1976ರ ಬಿ.ಡಿ.ಎ. ಕಾಯ್ದೆ: ಕಲಂ 17ರ ಪ್ರಾಥಮಿಕ ಅಧಿಸೂಚನೆ, 30 ದಿನದಲ್ಲಿ ಆಕ್ಷೇಪಣೆ, ಕಲಂ 19ರ ಅಂತಿಮ ಘೋಷಣೆ. ಮೆಟ್ರೊಗೆ ಸಾಮಾನ್ಯವಾಗಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆ.ಐ.ಎ.ಡಿ.ಬಿ.) ಮೂಲಕ 1966ರ ಕಾಯ್ದೆಯ ಕಲಂ 28. ಉಳಿದ ಕಡೆ 2013ರ ಭೂಸ್ವಾಧೀನ ಕಾಯ್ದೆ: ಕಲಂ 11ರ ಪ್ರಾಥಮಿಕ ಅಧಿಸೂಚನೆಯಾದ 60 ದಿನದಲ್ಲಿ ಕಲಂ 15ರ ಆಕ್ಷೇಪಣೆ, ಕಲಂ 19ರ ಘೋಷಣೆಯಾದ 12 ತಿಂಗಳಲ್ಲಿ ಐತೀರ್ಪು. ಐತೀರ್ಪಿನ ಮೊತ್ತ ಒಪ್ಪಿಗೆ ಇಲ್ಲದಿದ್ದರೆ ಕಲಂ 64ರ ಅರ್ಜಿ. ಐತೀರ್ಪಿನ ದಿನ ಹಾಜರಿದ್ದವರಿಗೆ ಅದಕ್ಕೆ 6 ವಾರ ಮಾತ್ರ.

ಆದ್ದರಿಂದ ಪತ್ರಗಳನ್ನು ಈ ಕ್ರಮದಲ್ಲಿ ಬರೆಯಿರಿ. ಯೋಜನಾ ಪ್ರಾಧಿಕಾರಕ್ಕೆ ಒಂದು: ಈ ಸ್ವತ್ತಿನ ಭೂಬಳಕೆ ಏನು, ರಸ್ತೆಯ ಉದ್ದೇಶಿತ ಅಗಲ ಎಷ್ಟು. ನಗರಪಾಲಿಕೆಯ ರಸ್ತೆ ಮೂಲಸೌಕರ್ಯ ವಿಭಾಗಕ್ಕೆ ಒಂದು: ಅಗಲೀಕರಣಕ್ಕೆ ಮಂಜೂರಾದ ಯೋಜನೆ, ಬಜೆಟ್ ಇದೆಯೇ. ಬಿ.ಡಿ.ಎ., ಕೆ.ಐ.ಎ.ಡಿ.ಬಿ. ಮತ್ತು ಜಿಲ್ಲಾಧಿಕಾರಿ ಕಚೇರಿಯ ಭೂಸ್ವಾಧೀನ ಶಾಖೆಗಳಿಗೆ ಒಂದೊಂದು: ಈ ಸರ್ವೆ ನಂಬರಿಗೆ ಅಧಿಸೂಚನೆ ಆಗಿದೆಯೇ, ಆಗಿದ್ದರೆ ದಿನಾಂಕ ಏನು. ಬಾಯಿಮಾತಿನ ಉತ್ತರ ತಗೊಂಡು ಬರಬೇಡಿ, ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿಗೆ 150 ಪದದ ಮಿತಿ ಇದೆ, ಒಂದು ಅರ್ಜಿಗೆ ಒಂದೇ ವಿಷಯ ಇರಬೇಕು. ಐದು ಪ್ರಶ್ನೆ ಒಂದರಲ್ಲೇ ತುರುಕಿದರೆ ಆ ಕಾರಣಕ್ಕೇ ವಾಪಸ್ ಬರುತ್ತದೆ.

ಕಲಂ_69:
ಗೆರೆ ಎಷ್ಟು ವರ್ಷ ಇರಬಹುದು ಅಂತ ಕೇಳಿದ್ದೀರಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 69(2) ನೋಡಿ. ಮಾಸ್ಟರ್ ಪ್ಲಾನ್ ಗೆಜೆಟ್‌ನಲ್ಲಿ ಪ್ರಕಟವಾದ ದಿನದಿಂದ 5 ವರ್ಷದೊಳಗೆ ಜಮೀನನ್ನು ಒಪ್ಪಂದದಿಂದ ಪಡೆಯದಿದ್ದರೆ, ಸ್ವಾಧೀನ ಪ್ರಕ್ರಿಯೆಯನ್ನೂ ಶುರು ಮಾಡದಿದ್ದರೆ, ಆ ಮೀಸಲು (ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿಟ್ಟದ್ದು) ರದ್ದಾಯಿತು ಅಂತಲೇ ಭಾವಿಸಬೇಕು. 2007ಕ್ಕೆ 5 ಸೇರಿಸಿದರೆ 2012. ಹಾಗಾಗಿ ಈ ಗೆರೆ ಸತ್ತು ಹತ್ತು ವರ್ಷದ ಮೇಲಾಯಿತು.

ಕಡತ_ಓದುವವರು:
ಅಷ್ಟು ನೇರವಾಗಿ ಹೇಳಿದರೆ ಜನ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಉದ್ಯಾನ, ಬಯಲು ಜಾಗ ಅಂತ ಹಸಿರು ಬಣ್ಣ ಬಳಿದ ಖಾಸಗಿ ಜಮೀನುಗಳ ವಿಷಯದಲ್ಲಿ ಹೈಕೋರ್ಟ್ ಈ ಕಲಂ ಅನ್ವಯಿಸಿ ಮಾಲೀಕರ ಪರ ಆದೇಶ ಕೊಟ್ಟಿದೆ. ರಸ್ತೆ ವಿಷಯ ಬಂದಾಗ ಪ್ರಾಧಿಕಾರ ಬೇರೆ ವಾದ ಹೂಡುತ್ತದೆ: ಮಾಸ್ಟರ್ ಪ್ಲಾನ್ ಇನ್ನೂ ಜಾರಿಯಲ್ಲಿದೆ, ಕಲಂ 14ರ ಪ್ರಕಾರ ಪ್ಲಾನಿಗೆ ವಿರುದ್ಧವಾಗಿ ನಾವು ಅನುಮತಿ ಕೊಡುವಂತಿಲ್ಲ ಅಂತ. ಮೇಲಾಗಿ ಕಾಯ್ದೆಯಲ್ಲಿ ರದ್ದಾದರೂ ನಕ್ಷೆಯ ಬಣ್ಣ ತಾನಾಗಿ ಅಳಿಸಿಹೋಗಲ್ಲ. ಬ್ಯಾಂಕಿನ ವಕೀಲರು ನೋಡುವುದು ನಕ್ಷೆಯನ್ನೇ.

ಮಾಡಬೇಕಾದ್ದು ಇಷ್ಟು: 69(2) ಉಲ್ಲೇಖಿಸಿ ಪ್ರಾಧಿಕಾರಕ್ಕೆ ಲಿಖಿತ ಮನವಿ. ಜೊತೆಗೆ ಸರ್ವೆ ಸ್ಕೆಚ್, ಯಾವ ಸ್ವಾಧೀನ ಪ್ರಕ್ರಿಯೆಯೂ ನಡೆದಿಲ್ಲ ಅನ್ನುವ ಹಿಂಬರಹಗಳು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಅಥವಾ ತಿರಸ್ಕರಿಸಿದರೆ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಮನವಿ ಕೊಡದೆ ನೇರ ಕೋರ್ಟಿಗೆ ಹೋದರೆ "ಮೊದಲು ಪ್ರಾಧಿಕಾರಕ್ಕೆ ಅರ್ಜಿ ಹಾಕಿ" ಅಂತ ವಿಲೇವಾರಿಯಾಗಿ ಸಮಯ ಹಾಳು.

ಕಲಂ_69:
ಒಪ್ಪುತ್ತೇನೆ, ಮನವಿ ಇಲ್ಲದೆ ಹೋಗಬಾರದು. ಇನ್ನೊಂದು ದಾರಿ ಕಲಂ 14-ಎ. ನಕ್ಷೆ ಬರೆಯುವಾಗಿನ ತಪ್ಪು, ಭೂರಚನೆಯ ತೊಡಕು, ವಿವರ ಬಿಟ್ಟುಹೋಗಿರುವುದು ಇಂಥ ಕಾರಣಕ್ಕೆ ಪ್ಲಾನಿನಲ್ಲಿ ಬದಲಾವಣೆ ಕೇಳಬಹುದು. ಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರಿಗೆ ಆಕ್ಷೇಪಣೆಗೆ 15 ದಿನಕ್ಕೆ ಕಡಿಮೆಯಿಲ್ಲದ ಅವಕಾಶ ಕೊಡಬೇಕು. "ನನ್ನ ಮನೆ ಉಳಿಸಿ" ಅಂತ ಬರೆದರೆ ಇದು ನಡೆಯಲ್ಲ, ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು ಅಂತ ಕಲಂ ಹೇಳುತ್ತದೆ. ರಸ್ತೆ ಈಗಾಗಲೇ ಮಂಜೂರಾದ ಮನೆಗಳ ಸಾಲಿನ ಮೇಲೆ ಬಿದ್ದಿದೆ, 40 ಮೀಟರ್ ಪಕ್ಕದಲ್ಲಿ ಸರ್ಕಾರಿ ಖರಾಬು (ಸಾಗುವಳಿಗೆ ಸೇರದ ಜಮೀನು) ಇದೆ, ಅಲ್ಲಿಂದ ತಿರುಗಿಸಿದರೆ ಸಂಪರ್ಕ ತಪ್ಪಲ್ಲ ಅಂತ ಪರ್ಯಾಯ ಮಾರ್ಗದ ನಕ್ಷೆ ಸಮೇತ ತೋರಿಸಬೇಕು. ಬೀದಿಯ ಮಾಲೀಕರೆಲ್ಲ ಒಟ್ಟಾಗಿ ಕೊಟ್ಟರೆ ತೂಕ ಜಾಸ್ತಿ.

ಪುಣೆ_ಕನ್ನಡಿಗ:
ಮಹಾರಾಷ್ಟ್ರದಲ್ಲಿ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ (ಎಂ.ಆರ್.ಟಿ.ಪಿ.) ಕಲಂ 127 ಇದೆ. ಅಂತಿಮ ಪ್ಲಾನ್ ಜಾರಿಯಾಗಿ 10 ವರ್ಷದಲ್ಲಿ ಸ್ವಾಧೀನ ಆಗದಿದ್ದರೆ ಮಾಲೀಕರೇ ನೋಟಿಸ್ ಕೊಡಬೇಕು, ಆಮೇಲೆ 24 ತಿಂಗಳಲ್ಲಿ ಕ್ರಮ ಆಗದಿದ್ದರೆ ಮೀಸಲು ಬಿದ್ದುಹೋಗುತ್ತದೆ. ಕಲಂ 49ರಲ್ಲಿ ಖರೀದಿ ನೋಟಿಸ್ ಅಂತ ಇದೆ, ಅಂದರೆ "ಬಳಸಲು ಬಿಡದಿದ್ದರೆ ನೀವೇ ಕೊಂಡುಕೊಳ್ಳಿ" ಅನ್ನುವ ಹಕ್ಕು. ಇಂಗ್ಲೆಂಡಿನಲ್ಲೂ 1990ರ ಯೋಜನಾ ಕಾಯ್ದೆಯಲ್ಲಿ ಮನೆಯಲ್ಲೇ ವಾಸವಿರುವ ಮಾಲೀಕರಿಗೆ ಇಂಥ ನೋಟಿಸ್ ಕೊಡುವ ಹಕ್ಕಿದೆ. ಮಾರಲು ಪ್ರಾಮಾಣಿಕ ಪ್ರಯತ್ನ ಮಾಡಿ ಸರಿಯಾದ ಬೆಲೆ ಬರಲಿಲ್ಲ ಅಂತ ತೋರಿಸಬೇಕು. ಕರ್ನಾಟಕದ 69(2) ಮೀಸಲನ್ನು ರದ್ದು ಮಾಡುತ್ತದೆ ನಿಜ, ಆದರೆ ಅಷ್ಟು ವರ್ಷ ಬೆಲೆ ಕುಸಿದದ್ದಕ್ಕೆ ಏನೂ ಕೊಡಲ್ಲ. ಮುಂದಿನ ತಿದ್ದುಪಡಿಯಲ್ಲಿ ನಿವಾಸಿ ಸಂಘಗಳು ಒತ್ತಾಯಿಸಬೇಕಾದ್ದು ಈ ಖರೀದಿ ನೋಟಿಸನ್ನೇ.

ನಕ್ಷೆ_ಮತ್ತು_ಸರಪಳಿ:
ಹೊಸ ಮಾಸ್ಟರ್ ಪ್ಲಾನ್ ಕರಡು ಬಂದಾಗ ಅದೇ ಗೆರೆ ಮತ್ತೆ ಬರೆಯಬಹುದು ಅನ್ನೋದನ್ನೂ ಮರೆಯಬೇಡಿ. 2031ರ ಕರಡು 2017ರಲ್ಲಿ ಹೊರಬಂದಿತ್ತು, ಆಮೇಲೆ ಸರ್ಕಾರ ವಾಪಸ್ ಪಡೆಯಿತು. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ. ಸರ್ವೆ ಸ್ಕೆಚ್ ಈಗಲೇ ಸಿದ್ಧ ಇಟ್ಟುಕೊಳ್ಳಿ. ಆ 60 ದಿನದಲ್ಲಿ ಸರ್ವೇಯರ್ ಹುಡುಕಲು ಹೊರಟರೆ ಸಾಲಲ್ಲ.

ಪ್ಲಾನ್_ಮಂಜೂರಾತಿ:
ಈ ಚರ್ಚೆಯಲ್ಲಿ ದಯವಿಟ್ಟು ಎಲ್ಲರೂ ಗಮನ ಕೊಡಬೇಕಾದ ವಿಷಯ ಪರಿತ್ಯಜನ ಪತ್ರ. ಮಹಡಿಗೆ ಅನುಮತಿ ಕೇಳಿದಾಗ ಅಗಲೀಕರಣದ ಪಟ್ಟಿಯನ್ನು "ಉಚಿತವಾಗಿ, ಯಾವುದೇ ಪರಿಹಾರ ಕೇಳದೆ" ಪಾಲಿಕೆಗೆ ಬಿಟ್ಟುಕೊಡುತ್ತೇನೆ ಅಂತ ಮುದ್ರಿತ ನಮೂನೆ ಮುಂದಿಡುತ್ತಾರೆ. ಅದು ನೋಂದಣಿಯಾದ ಮೇಲೆ 41 ಚದರ ಮೀಟರ್ ನಿಮ್ಮದಲ್ಲ. ರಸ್ತೆ ಅಗಲವಾಗದೇ ಇದ್ದರೂ ನಿಮ್ಮದಲ್ಲ. ಮುಂದೆ ಪರಿಹಾರ ಕೊಡುವ ಕಾಲ ಬಂದಾಗ ಪಕ್ಕದ ಮನೆಯವರಿಗೆ ಹಣ ಬರುತ್ತದೆ, ನಿಮಗಿಲ್ಲ.

ಸಹಿ ಹಾಕಬೇಡಿ. ಬದಲಿಗೆ "ಮಂಜೂರಾತಿಗೆ ಈ ಷರತ್ತು ಯಾವ ಕಲಂ ಅಡಿಯಲ್ಲಿ" ಅಂತ ಲಿಖಿತವಾಗಿ ಕೇಳಿ. ಸಂವಿಧಾನದ 300-ಎ ವಿಧಿ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ಕಿತ್ತುಕೊಳ್ಳುವಂತಿಲ್ಲ. 2024ರ ಮೇ ತಿಂಗಳಲ್ಲಿ ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಧಿಯೊಳಗೆ ಏಳು ಹಕ್ಕುಗಳನ್ನು ಬಿಡಿಸಿ ಹೇಳಿತು: ನೋಟಿಸ್, ಅಹವಾಲು, ಕಾರಣ ಸಹಿತ ಆದೇಶ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ವಿಳಂಬವಿಲ್ಲದ ಪ್ರಕ್ರಿಯೆ, ಪ್ರಕ್ರಿಯೆ ಪೂರ್ತಿಗೊಳಿಸಿ ಸ್ವತ್ತು ವಹಿಸಿಕೊಳ್ಳುವುದು. ಮನವಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ.

ಬಿಡಲೇಬೇಕಾದ ಪರಿಸ್ಥಿತಿ ಬಂದರೆ ಪತ್ರದಲ್ಲಿ "ಉಚಿತವಾಗಿ" ಅನ್ನುವ ಪದ ಇರಕೂಡದು, "ಯೋಜನಾ ಕಾಯ್ದೆಯ ಕಲಂ 14-ಬಿ ಅಡಿಯ ಅಭಿವೃದ್ಧಿ ಹಕ್ಕಿಗೆ (ಟಿ.ಡಿ.ಆರ್.) ಪ್ರತಿಯಾಗಿ" ಅಂತ ಇರಬೇಕು.

ಇಟ್ಟಿಗೆ_ಗಾರೆ:
ಸುಣ್ಣ ಬಣ್ಣ, ಗಾರೆ, ನೆಲಹಾಸು, ಸೋರುವ ಚಾವಣಿ ರಿಪೇರಿಗೆ ಗೆರೆ ಅಡ್ಡಿ ಅಲ್ಲ. ಹೇಗೂ ಒಡೀತಾರೆ ಅಂತ ರಿಪೇರಿ ಬಿಟ್ಟವರ ಮನೆ ರಸ್ತೆ ಬರುವ ಮೊದಲೇ ಕುಸಿಯುತ್ತದೆ, ಮೌಲ್ಯಮಾಪನದಲ್ಲಿ ಸವಕಳಿಯೂ ಜಾಸ್ತಿ ಕಳೀತಾರೆ. ಖರ್ಚಿನ ಬಿಲ್ಲು, ದಿನಾಂಕ ಇರುವ ಫೋಟೊ ಇಟ್ಟುಕೊಳ್ಳಿ. ಹೊಸ ಪಿಲ್ಲರ್ ಹಾಕುವುದಾದರೆ ಉದ್ದೇಶಿತ ಅಂಚಿನ ಒಳಗೆ ಹಾಕಿ. ಮುಂಭಾಗ ಕತ್ತರಿಸಬೇಕಾಗಿ ಬಂದರೂ ಹಿಂದಿನ ಭಾಗ ತನ್ನ ಕಾಲ ಮೇಲೆ ನಿಲ್ಲುವ ಹಾಗೆ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ವಿನ್ಯಾಸ ಮಾಡಿಸಿ. ಮೆಟ್ಟಿಲು, ಸಂಪು, ಒಳಚರಂಡಿ ಚೇಂಬರ್, ವಿದ್ಯುತ್ ಮೀಟರ್ ಇವೆಲ್ಲ ಹಳೇ ಮನೆಗಳಲ್ಲಿ ಮುಂದಿನ 4 ಮೀಟರ್‌ನಲ್ಲೇ ಇರುತ್ತವೆ. ಆ ಪಟ್ಟಿ ಹೋದರೆ ಉಳಿದ ಮನೆ ಇದ್ದೂ ವಾಸಕ್ಕೆ ಆಗಲ್ಲ.

ಕಡತ_ಓದುವವರು:
ಇಟ್ಟಿಗೆ_ಗಾರೆಯವರು ಹೇಳಿದ ಕಾರಣಕ್ಕೇ 2013ರ ಕಾಯ್ದೆಯ ಕಲಂ 94 ಬಹಳ ಮುಖ್ಯ. ಮನೆಯ ಒಂದು ಭಾಗ ಮಾತ್ರ ಸ್ವಾಧೀನ ಮಾಡಲು ಹೊರಟಾಗ "ತೆಗೆದುಕೊಳ್ಳುವುದಾದರೆ ಪೂರ್ತಿ ಮನೆ ತೆಗೆದುಕೊಳ್ಳಿ" ಅಂತ ಮಾಲೀಕರು ಕೇಳಬಹುದು. 1894ರ ಕಾಯ್ದೆಯಲ್ಲಿ ಇದೇ ಹಕ್ಕು ಕಲಂ 49ರಲ್ಲಿತ್ತು. ಐತೀರ್ಪಿಗೆ ಮೊದಲೇ, ಮೆಟ್ಟಿಲು, ಸಂಪು, ಚೇಂಬರ್ ಎಲ್ಲಿವೆ ಅಂತ ಗುರುತಿಸಿದ ನಕ್ಷೆ ಜೊತೆ ಲಿಖಿತವಾಗಿ ಕೇಳಬೇಕು. ಐತೀರ್ಪು ಆದಮೇಲೆ ನೆನಪಾದರೆ ತಡ.

ಪರಿಹಾರದ ಲೆಕ್ಕಕ್ಕೆ ಒಂದು ದರ ಹಿಡಿಯೋಣ, ಚದರ ಅಡಿಗೆ 6,000 ರೂಪಾಯಿ. 41.1 ಚದರ ಮೀಟರ್ ಅಂದರೆ ಸುಮಾರು 443 ಚದರ ಅಡಿ, ನೆಲದ ಬೆಲೆ 26.6 ಲಕ್ಷ. ಹೋಗುವ ಕಟ್ಟಡದ ಭಾಗಕ್ಕೆ 9 ಲಕ್ಷ ಅಂದುಕೊಳ್ಳಿ. ಕೂಡಿದರೆ 35.6 ಲಕ್ಷ. ನೆಲದ ಬೆಲೆಯನ್ನು ಗುಣಿಸುವ ಗುಣಕ ನಗರದಲ್ಲಿ 1. 2013ರ ಕಾಯ್ದೆಯ ಕಲಂ 30ರ ಸಾಂತ್ವನ ಮೊತ್ತ (ಬಲವಂತದ ಸ್ವಾಧೀನಕ್ಕೆ ಸೇರಿಸಿ ಕೊಡುವುದು) 100%, ಅಂದರೆ ಇನ್ನೊಂದು 35.6. ಒಟ್ಟು 71.2 ಲಕ್ಷ. ನೆಲದ ಮಾರುಕಟ್ಟೆ ಬೆಲೆ ಮೇಲೆ ವರ್ಷಕ್ಕೆ 12% ಬೇರೆ, 2 ವರ್ಷಕ್ಕೆ ಸುಮಾರು 6.4 ಲಕ್ಷ. ಅದೇ 1894ರ ಕಾಯ್ದೆಯ ಲೆಕ್ಕವಾದರೆ ಸಾಂತ್ವನ 30% ಮಾತ್ರ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬಿ.ಡಿ.ಎ. ಕಾಯ್ದೆಯ ಸ್ವಾಧೀನಕ್ಕೆ 2013ರ ಕಾಯ್ದೆ ಅನ್ವಯಿಸಲ್ಲ ಅಂತ ಹೇಳಿತು. ಪೆರಿಫೆರಲ್ ರಿಂಗ್ ರಸ್ತೆಯ ಭೂಮಾಲೀಕರ ಹೋರಾಟಕ್ಕೆ ಇದೇ ಕಾರಣ. ಅಲ್ಲಿ ಅಂತಿಮ ಅಧಿಸೂಚನೆ ಆದದ್ದು 2007ರಲ್ಲಿ.

ಇನ್ನೊಂದು: ಗೆರೆ ಬಿದ್ದ ಬೀದಿಯಲ್ಲಿ ಕ್ರಯಪತ್ರಗಳು ಕಡಿಮೆ, ಇದ್ದರೂ ಬೆಲೆ ಕಡಿಮೆ. ಹೋಲಿಕೆಗೆ ಅವನ್ನೇ ಹಿಡಿದರೆ ಗೆರೆಯಿಂದಾದ ನಷ್ಟ ಎರಡನೇ ಸಲ ನಿಮ್ಮ ತಲೆ ಮೇಲೆ ಬೀಳುತ್ತದೆ. ಗೆರೆ ಇಲ್ಲದ ಪಕ್ಕದ ಅಡ್ಡರಸ್ತೆಯ ಕಳೆದ 3 ವರ್ಷದ ಕ್ರಯಪತ್ರಗಳ ದೃಢೀಕೃತ ನಕಲು ನೀವೇ ಸಲ್ಲಿಸಿ.

ಹಕ್ಕು_ವರ್ಗಾವಣೆ:
ಟಿ.ಡಿ.ಆರ್. ಬಗ್ಗೆ. ಕಲಂ 14-ಬಿ ಪ್ರಕಾರ ಇದು ಮಾಲೀಕರ ಆಯ್ಕೆ, ಬಲವಂತ ಮಾಡುವಂತಿಲ್ಲ. ಕೈಗೆ ಬರುವುದು ಹಣವಲ್ಲ, ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ. ಅದನ್ನು ಕೊಳ್ಳುವ ಬಿಲ್ಡರ್ ಸಿಗಬೇಕು. 41 ಚದರ ಮೀಟರಿಗೆ ಬರುವ ಚಿಕ್ಕ ಪ್ರಮಾಣಪತ್ರಕ್ಕೆ ಗಿರಾಕಿ ಸುಲಭವಾಗಿ ಸಿಗಲ್ಲ, ಸಿಕ್ಕವರು ಚೌಕಾಶಿ ಮಾಡುತ್ತಾರೆ. ದೊಡ್ಡ ಖಾಲಿ ಜಾಗ ಬಿಟ್ಟುಕೊಡುವವರಿಗೆ, ಅಥವಾ ಉಳಿದ ಜಾಗದಲ್ಲೇ ಹೆಚ್ಚುವರಿ ಮಹಡಿ ಕಟ್ಟುವವರಿಗೆ ಇದು ಒಗ್ಗುತ್ತದೆ. ವಾಸದ ಮನೆಯ ಮುಂಭಾಗ ಕಳೆದುಕೊಳ್ಳುವವರು ಹಣದ ಪರಿಹಾರವನ್ನೇ ಕೇಳುವುದು ಮೇಲು. ತೆಗೆದುಕೊಳ್ಳುವುದಾದರೆ ಬಿಟ್ಟುಕೊಡುವ ವಿಸ್ತೀರ್ಣ ಸರ್ವೆ ಸ್ಕೆಚ್ ಜೊತೆ ತಾಳೆಯಾಗಲಿ, ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಮೊದಲೇ ಇರಲಿ. ಅಡಮಾನ ಇರುವ ಸ್ವತ್ತಿನ ಕಡತ ಅಲ್ಲೇ ನಿಂತುಹೋಗುತ್ತದೆ.

ಸಬ್‌ರಿಜಿಸ್ಟ್ರಾರ್_ಕಾಲಂ:
ಮಾರುವ ವಿಷಯ. ಬರೀ ಗೆರೆ ಇದ್ದರೆ ಮಾರಲು ಕಾನೂನಿನ ತಡೆ ಇಲ್ಲ. ಗೆರೆ ಇರುವುದನ್ನು ಕ್ರಯಪತ್ರದಲ್ಲೇ ಬರೆಯಿರಿ, ಸ್ಕೆಚ್ ಅನುಬಂಧವಾಗಿ ಸೇರಿಸಿ. ಮುಚ್ಚಿಟ್ಟು ಮಾರಿದರೆ ಆಮೇಲೆ ಮೋಸದ ದಾವೆ ಎದುರಿಸಬೇಕಾಗುತ್ತದೆ. ಬ್ಯಾಂಕಿಗೆ "ಬಾಧಿತ 41, ಉಳಿಯುವುದು 70 ಚದರ ಮೀಟರ್" ಅಂತ ಬೇರ್ಪಡಿಸಿದ ಸ್ಕೆಚ್ ಕೊಟ್ಟು, ಉಳಿಯುವ ಭಾಗದ ಮೌಲ್ಯದ ಮೇಲೆ ಸಾಲ ಕೇಳಿ ನೋಡಬಹುದು.

ಸ್ವಾಧೀನ ಪ್ರಕ್ರಿಯೆ ಶುರುವಾದ ಮೇಲೆ ಕಥೆ ಬೇರೆ. ಕರ್ನಾಟಕ ಭೂಮಿ (ವರ್ಗಾವಣೆ ನಿರ್ಬಂಧ) ಕಾಯ್ದೆ 1991ರ ಪ್ರಕಾರ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಅಧಿಸೂಚನೆಯ ನಂತರ ಕೊಂಡವರು ಸ್ವಾಧೀನವನ್ನೇ ಪ್ರಶ್ನಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಶಿವಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಗ್ಗಕ್ಕೆ ಸಿಗ್ತಿದೆ ಅಂತ ಕೊಳ್ಳುವವರಿಗೆ ಈ ಸಾಲು ತೋರಿಸಿ.

ಉತ್ತರ_ಬಡಾವಣೆ:
ಅಧಿಸೂಚನೆ ಆದಮೇಲೆ ವರ್ಷಗಟ್ಟಲೆ ಏನೂ ನಡೆಯದಿದ್ದರೆ ಮತ್ತೆ ಶುರುವಾಗಲ್ಲ ಅನ್ನುವ ನಂಬಿಕೆಯೂ ಅಪಾಯ. ಡಾ. ಶಿವರಾಮ ಕಾರಂತ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಬಂದದ್ದು 30-12-2008ರಂದು, 17 ಹಳ್ಳಿ, 3,546 ಎಕರೆ. ಮಧ್ಯೆ ಹೈಕೋರ್ಟ್‌ನಲ್ಲಿ ಅದು ಬಿದ್ದಿತ್ತು, ಆ ಅವಧಿಯಲ್ಲಿ ಜನ ಮನೆ ಕಟ್ಟಿಕೊಂಡರು. 3-8-2018ರಂದು ಸುಪ್ರೀಂ ಕೋರ್ಟ್ ಯೋಜನೆಗೆ ಮತ್ತೆ ಜೀವ ಕೊಟ್ಟಿತು. ಆ ಎರಡು ದಿನಾಂಕಗಳ ನಡುವೆ ಕಟ್ಟಿದ ಮನೆಗಳನ್ನು ಪರಿಶೀಲಿಸಲು 2020ರ ಡಿಸೆಂಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿ ನೇಮಕವಾಯಿತು. ಅಂಥ ಕಡೆ ಮನೆ ಯಾವಾಗ ಕಟ್ಟಿದ್ದು ಅಂತ ತೋರಿಸುವ ಕಾಗದದ ಮೇಲೇ ಎಲ್ಲ ನಿಲ್ಲುತ್ತದೆ: ಮೊದಲ ವಿದ್ಯುತ್ ಸಂಪರ್ಕದ ಪತ್ರ, ಕಂದಾಯ ರಸೀದಿ, ಪಂಚಾಯಿತಿ ಪರವಾನಗಿ, ಹಳೇ ಉಪಗ್ರಹ ಚಿತ್ರ. ಯಾವುದನ್ನೂ ಎಸೆಯಬೇಡಿ.

ಮೂವತ್ತು_ನಲವತ್ತು:
ಐತೀರ್ಪೇ ಆಗದೆ ವರ್ಷಗಟ್ಟಲೆ ಎಳೆದರೆ ಯಾವ ವರ್ಷದ ಬೆಲೆ ಕೊಡ್ತಾರೆ?

ಕಡತ_ಓದುವವರು:
ಸಾಮಾನ್ಯವಾಗಿ ಪ್ರಾಥಮಿಕ ಅಧಿಸೂಚನೆಯ ದಿನದ ಬೆಲೆ. ಆದರೆ ಬೆಂಗಳೂರು-ಮೈಸೂರು ಮೂಲಸೌಕರ್ಯ ಕಾರಿಡಾರಿನ ಪ್ರಕರಣದಲ್ಲಿ ಅಧಿಸೂಚನೆ 2003ರದ್ದು, ಐತೀರ್ಪು 2019ರ ತನಕ ಆಗಿರಲಿಲ್ಲ. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ತನ್ನ 142ನೇ ವಿಧಿಯ ಅಧಿಕಾರ ಬಳಸಿ 22-4-2019ರ ಬೆಲೆ ಲೆಕ್ಕ ಹಾಕಲು ಹೇಳಿತು. 142 ಸುಪ್ರೀಂ ಕೋರ್ಟಿಗೆ ಮಾತ್ರ ಇರುವ ಅಧಿಕಾರ, ಎಲ್ಲರಿಗೂ ತಾನಾಗಿ ಸಿಗಲ್ಲ. ಆದರೂ ವಿಳಂಬಕ್ಕೆ ಇಲಾಖೆಯೇ ಕಾರಣ ಅಂತ ತೋರಿಸುವ ಕಾಗದ ಇದ್ದವರಿಗೆ ಅದು ಗಟ್ಟಿ ಆಸರೆ. ಆರು ತಿಂಗಳಿಗೊಮ್ಮೆ "ಐತೀರ್ಪು ಯಾವಾಗ" ಅಂತ ಪತ್ರ ಬರೆದು ಸ್ವೀಕೃತಿ ಇಟ್ಟುಕೊಳ್ಳಿ. ಕೆ.ಐ.ಎ.ಡಿ.ಬಿ. ಕಡತವಾದರೆ ಇನ್ನೊಂದು ಎಚ್ಚರ: ಕಲಂ 29(2)ರ ಒಪ್ಪಂದದ ಬೆಲೆಗೆ ಸಹಿ ಹಾಕಿದರೆ, ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋಗುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಸಹಿಗೆ ಮೊದಲು ಕಟ್ಟಡ, ಕೊಳವೆಬಾವಿ, ಮರ ಎಲ್ಲದರ ಮೌಲ್ಯ ಆ ಹಾಳೆಯಲ್ಲಿ ಬಿಡಿಬಿಡಿಯಾಗಿ ಬಂದಿದೆಯೇ ನೋಡಿಕೊಳ್ಳಿ.

ಮೂವತ್ತು_ನಲವತ್ತು:
ಸರಿ. ಮೊದಲು ದೃಢೀಕೃತ ನಕ್ಷೆ ಮತ್ತು ಟೋಟಲ್ ಸ್ಟೇಷನ್ ಸ್ಕೆಚ್, ಆಮೇಲೆ ಕಚೇರಿಗಳಿಂದ ಹಿಂಬರಹ, ಆಮೇಲೆ 69(2) ಮನವಿ. ಬೀದಿಯಲ್ಲಿ ಬಾಡಿಗೆದಾರರೇ ಹೆಚ್ಚಿರುವ ಮನೆಗಳೂ ಇವೆ, ಮಾಲೀಕರು ಬೇರೆ ಊರಲ್ಲಿದ್ದಾರೆ. ಅವರಿಗೆ ನೋಟಿಸ್ ತಲುಪದಿದ್ದರೆ?

ಸಬ್‌ರಿಜಿಸ್ಟ್ರಾರ್_ಕಾಲಂ:
ನೋಟಿಸ್ ಹೋಗುವುದು ದಾಖಲೆಯಲ್ಲಿರುವ ಹೆಸರಿಗೆ, ದಾಖಲೆಯಲ್ಲಿರುವ ವಿಳಾಸಕ್ಕೆ. ತೀರಿಕೊಂಡ ತಂದೆಯ ಹೆಸರಲ್ಲೇ ಖಾತೆ ಇದ್ದರೆ ನೋಟಿಸ್ ಅವರ ಹೆಸರಿಗೇ ಬರುತ್ತದೆ, ಬಾಗಿಲಿಗೆ ಅಂಟಿಸಿ ಮಹಜರು ಬರೆದು ಹೋಗುತ್ತಾರೆ. ಪೌತಿ ಖಾತೆ ಮಾಡಿಸಿ, ಇ-ಖಾತೆಯಲ್ಲಿ ಈಗಿನ ವಿಳಾಸ ಮತ್ತು ಮೊಬೈಲ್ ಸಂಖ್ಯೆ ಸರಿಪಡಿಸಿ, ಅದರ ಪ್ರತಿಯನ್ನು ಭೂಸ್ವಾಧೀನ ಶಾಖೆಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಲಿ. ಬಾಡಿಗೆದಾರರಿಗೆ, ಗೋಡೆಗೆ ಏನೇ ಅಂಟಿಸಿದರೂ ದಿನಾಂಕ ಕಾಣುವ ಹಾಗೆ ಫೋಟೊ ತೆಗೆದು ಅದೇ ದಿನ ಕಳಿಸಿ ಅಂತ ಹೇಳಿಡಲಿ.